ನಡುವೆ ಇಳಿಯಲಾಗದ ಹಡಗು

ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ವ್ಯಾಪಾರಿ ಚೆನ್ನರಾಯಪ್ಪನವರು ಕ್ರೇಟಿನ ಮೇಲಿನ ಹಣ್ಣನ್ನು ನೋಡುವುದೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೇಲೆ ಹೊಳೆಯುವುದನ್ನು ಜೋಡಿಸಿ ಅಡಿಯಲ್ಲಿ ಕೊಳೆತದ್ದನ್ನು ತುಂಬುವ ಜಾಣರನ್ನು ಅವರು ಬೇಕಾದಷ್ಟು ಕಂಡಿದ್ದರು. ಅದಕ್ಕೇ ಕೈಯನ್ನು ನೇರ ತಳಕ್ಕೇ ಹಾಕುತ್ತಿದ್ದರು.

ಅಂಥವರ ಮುಂದೆ ಮನೆಯಲ್ಲಿ ಹೆಂಡತಿ ಅನಸೂಯಮ್ಮ ಮೂರು ಐಷಾರಾಮಿ ಹಡಗುಗಳ ಪುಸ್ತಕ ಹರಡಿ ಕೂತಿದ್ದರು. ತಂದವಳು ಅವರ ಅಣ್ಣನ ಮಗಳು ತನುಜ, ಚಿಕ್ಕಬಳ್ಳಾಪುರದಲ್ಲಿ ಟ್ರಾವೆಲ್ಸ್ ನಡೆಸುವವಳು. ನೀಲಿ ಹಡಗು, ಬಿಳಿ ಹಡಗು ಎರಡೂ ಮುಂಬೈಯಿಂದ ಹೊರಟು ಗೋವಾ, ಕೊಚ್ಚಿಯಲ್ಲಿ ನಿಲ್ಲುತ್ತಿದ್ದವು. ಚಿನ್ನದ ಬಣ್ಣದ್ದು ಎಲ್ಲೂ ನಿಲ್ಲದೆ ನಾಲ್ಕು ದಿನ ಸಮುದ್ರದಲ್ಲೇ ಸುತ್ತಿ ಬರುತ್ತಿತ್ತು. ಬೆಲೆ ಮಾತ್ರ ದುಪ್ಪಟ್ಟು.

ಅನಸೂಯಮ್ಮನವರ ಕಣ್ಣು ಅದರ ಮೇಲೆಯೇ. ಈಜುಕೊಳ, ನಾಟಕಶಾಲೆ ಯಾವುದೂ ಅವರಿಗೆ ಬೇಕಿರಲಿಲ್ಲ. ಬೇಕಿದ್ದದ್ದು ಗಂಡ. ಮದುವೆಯಾದ ಮೂವತ್ತನಾಲ್ಕು ವರ್ಷಗಳಲ್ಲಿ ಒಂದು ಪ್ರವಾಸವನ್ನೂ ಈ ಮನುಷ್ಯ ಪೂರ್ತಿ ಮಾಡಿರಲಿಲ್ಲ. ಊಟಿಯಲ್ಲಿ ಸ್ವೆಟರಿನ ಎರಡನೇ ತೋಳಿಗೆ ಕೈ ಹಾಕುವಷ್ಟರಲ್ಲಿ ಟೊಮೆಟೊ ರೇಟು ಬಿತ್ತೆಂದು ಬಸ್ಸು ಹತ್ತಿದ್ದರು. ತಿರುಪತಿಯಲ್ಲಿ ಮುಡಿ ಕೊಟ್ಟು ದರ್ಶನದ ಸಾಲಿನಲ್ಲಿ ನಿಂತಿದ್ದಾಗ ರೇಟು ಏರಿತೆಂದು ಬೋಳುತಲೆಯಲ್ಲೇ ವಾಪಸಾಗಿದ್ದರು. ರೇಟು ಬಿದ್ದರೂ ಓಟ, ಎದ್ದರೂ ಓಟ. ಈತ ಎದ್ದು ಹೋಗಲಾರದ ಜಾಗ ಭೂಮಿಯ ಮೇಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅನಸೂಯಮ್ಮ ನೀರಿನ ಕಡೆ ನೋಡಿದ್ದು. ಇದನ್ನು ಬಾಯಿಬಿಟ್ಟು ಹೇಳಲು ಮಾತ್ರ ನಾಚಿಕೆ.

"ಇದೆಲ್ಲ ಮೇಲ್ಗಡೆ ಹಣ್ಣು ಕಣಮ್ಮ," ಎಂದರು ಚೆನ್ನರಾಯಪ್ಪ ತನುಜಳಿಗೆ, ಈಜುಕೊಳದ ಚಿತ್ರವನ್ನು ಸರಿಸಿ. "ಎಲ್ಲಕ್ಕಿಂತ ಕೆಳಗಿನ ರೂಮು ತೋರ್ಸು."

ತನುಜ ಕಂಪನಿಗಳಿಗೆ ಫೋನು ಮಾಡಿ ವಿಡಿಯೊ ತರಿಸಿದಳು. ಮೂರು ಹಡಗುಗಳಲ್ಲೂ ತಳದ ರೂಮಿಗೆ ಕಿಟಕಿಯಿರಲಿಲ್ಲ. ಚೆನ್ನರಾಯಪ್ಪನವರಿಗೆ ಪರಮಾನಂದವಾಯಿತು.

"ನೋಡ್ದೇನೇ? ಅಡೀನಲ್ಲಿ ಎಲ್ಲಾ ಒಂದೇ ಮಾಲು. ನೀಲೀದೇ ಸಾಕು."

"ಚಿನ್ನದ್ರಲ್ಲಿ ದಿನಕ್ಕೆ ಆರು ಊಟವಂತೆ ರೀ," ಎಂದು ಅನಸೂಯಮ್ಮ ಆಸೆ ತೋರಿಸಿದರು.

"ಡಾಕ್ಟ್ರು ನಂಗೆ ಎರಡೇ ಹೇಳವ್ರೆ. ಮಿಕ್ಕಿದ್ದು ಯಾರು ತಿಂತಾರೆ?"

"ಎಣ್ಣೆ ಹಚ್ಚಿ ಮಸಾಜು ಮಾಡ್ತಾರಂತೆ."

"ಹರಳೆಣ್ಣೆ ಮನೇಲೇ ಐತೆ." ಚೆನ್ನರಾಯಪ್ಪ ನೀಲಿ ಪುಸ್ತಕ ಎತ್ತಿಕೊಂಡರು. "ಇದು ಕೊಚ್ಚೀಲಿ ನಿಲ್ತದೆ. ರೇಟು ಹೆಚ್ಚುಕಮ್ಮಿ ಆದ್ರೆ ಇಳಿದು ರೈಲು ಹಿಡೀತೀನಿ. ನೀನು ನಿಧಾನಕ್ಕೆ ನೋಡ್ಕೊಂಡು ಬಾ."

ತನುಜ ಆಗಲೇ ಪೆನ್ನು ತೆಗೆದು ನೀಲಿ ಹಡಗಿನ ಫಾರಂ ಬರೆಯತೊಡಗಿದ್ದಳು.

"ಅನ್ಯಾಯ ಬೇಡ," ಎಂದರು ಚೆನ್ನರಾಯಪ್ಪ, ದೊಡ್ಡ ಮನಸ್ಸು ಮಾಡಿ. "ನೀಲೀಲಿ ಇಲ್ದೇ ಇರೋದು ಆ ಚಿನ್ನದ್ರಲ್ಲಿ ಏನೈತೆ, ಒಂದೇ ಒಂದು ಹೇಳು. ದುಡ್ಡು ಕೊಡ್ತೀನಿ."

"ನಡುವೆ ಇಳಿಯಾಕಾಗಲ್ಲ."

"ಅದು ಲೋಪ ಅಲ್ವೇನೇ?"

"ನಿಮಗೆ ಲೋಪ. ನಂಗೆ ಅದೇ ಬೇಕಾಗಿರೋದು," ಎಂದರು ಅನಸೂಯಮ್ಮ. ನಾಚಿಕೆ ಎಲ್ಲಿ ಹೋಯಿತೋ, ಸಿಟ್ಟು ಮುಂದೆ ಬಂದು ಮಾತಾಡಿತು. "ಊಟಿಯಿಂದ ಎದ್ದು ಬಂದ್ರಿ, ತಿರುಪತೀಲಿ ದೇವರನ್ನೇ ಬಿಟ್ಟು ಬಂದ್ರಿ. ನಾನು ಒಬ್ಬಳೇ ನೋಡಿದ ಊರು ಇನ್ನು ಸಾಕು. ನಾಲ್ಕು ದಿನ ನನ್ನ ಪಕ್ಕ ಕೂತ್ಕೋಬೇಕು ನೀವು. ಹಡಗು ಯಾವ ಬಣ್ಣದ್ದಾದ್ರೂ ಆಗ್ಲಿ."

ತನುಜಳ ಪೆನ್ನು ನಿಂತಿತು. ಚೆನ್ನರಾಯಪ್ಪ ಪುಸ್ತಕ ಕೆಳಗಿಟ್ಟು ಹೆಂಡತಿಯ ಮುಖ ನೋಡಿದರು.

"ಆ ಹಡಗಲ್ಲಿ ಫೋನು ಸಿಗ್ತದಾ?"

ಅನಸೂಯಮ್ಮ ತಲೆ ತಗ್ಗಿಸಿದರು.

"ಸಿಗುತ್ತೆ ಮಾವ, ಆದ್ರೆ ಇಂಟರ್‌ನೆಟ್ ಪ್ಯಾಕ್‌ಗೆ ಬೇರೆ ದುಡ್ಡು ಕೊಡ್ಬೇಕು," ಎಂದಳು ತನುಜ.

"ಪ್ಯಾಕೂ ಬ್ಯಾಡ, ಫೋನೂ ಬ್ಯಾಡ. ಚಿನ್ನದ್ದೇ ಬರಿ. ಕಿಟಕಿ ಇರೋ ರೂಮು."

ಫಾರಂ ತುಂಬಿಸಿಕೊಂಡು ತನುಜ ಹೊರಟಳು. ಚೆನ್ನರಾಯಪ್ಪ ಬಾಗಿಲವರೆಗೆ ಬಿಟ್ಟು ಬಂದು ಹೆಂಡತಿಯ ಎದುರು ಕೂತು ತಗ್ಗಿದ ದನಿಯಲ್ಲಿ ಕೇಳಿದರು:

"ನಾಲ್ಕು ದಿನ ಏನೇ ಮಾತಾಡಣ?"

ಎಲ್ಲವನ್ನೂ ಯೋಚಿಸಿಟ್ಟಿದ್ದ ಅನಸೂಯಮ್ಮನವರಿಗೆ ಇದೊಂದು ಹೊಳೆದೇ ಇರಲಿಲ್ಲ. ಅವರಿಗೆ ಹೆದರಿಕೆಯಾಯಿತು, ನಗುವೂ ಬಂತು.

"ನಂಗೂ ಗೊತ್ತಿಲ್ಲ ರೀ," ಎಂದರು.