ತಿರುಗುವ ಚಕ್ಕಿಗೆ ಒಡ್ಡಿದ ಅಂಗೈ

ಬರೆದುಬಿಡಲೇ? ಬರೆದರೆ ಗೆಳೆಯ ಕಡ್ಡಿ ತರಬೇತಿ ಶಾಲೆಯಿಂದ ಆಚೆ, ಬರೆಯದಿದ್ದರೆ ತಾನು. ಕಡ್ಡಿಯೇನು ಒಡಹುಟ್ಟಿದವನೇ? ಹಾಗೆಂದುಕೊಂಡರೂ ಪೆನ್ನು ಊರಿದ ಕಡೆಯೇ ನಿಂತಿತ್ತು. ಬ್ಯಾಂಡೇಜು ಸುತ್ತಿದ ಎಡಗೈ ತೊಡೆಯ ಮೇಲೆ ಚುಳುಚುಳು ಎನ್ನುತ್ತಿತ್ತು.

ಎದುರಿಗೆ ಪ್ರಾಂಶುಪಾಲರು. ಪಕ್ಕದಲ್ಲಿ ಅಪ್ಪ, ಹೊಲಿಗೆ ಅಂಗಡಿಯಿಂದ ಹಾಗೇ ಎದ್ದು ಬಂದವನು; ಕೊರಳಲ್ಲಿ ಅಳತೆಯ ಟೇಪು ಇನ್ನೂ ಜೋತಾಡುತ್ತಿತ್ತು. ಗೆಳೆಯನ ಒತ್ತಾಯಕ್ಕೆ ಹೀಗೆ ಮಾಡಿದೆ ಎಂದು ಎರಡು ಸಾಲು ಬರೆದುಕೊಟ್ಟರೆ ಸಾಕು, ಮುಂದಿನದು ತಮಗೆ ಬಿಡು ಎಂದು ಪ್ರಾಂಶುಪಾಲರು ಮೂರು ಸಲ ಹೇಳಿಯಾಗಿತ್ತು.

ನಡೆದದ್ದು ಇಷ್ಟು. ಕಬ್ಬಿಣ ಕಡೆಯುವ ಲೇತ್ ಯಂತ್ರದ ಸ್ವಿಚ್ಚು ಆರಿಸಿದ ಮೇಲೂ ಅದರ ಚಕ್ಕು, ಅಂದರೆ ಕಬ್ಬಿಣದ ಸರಳನ್ನು ಕಚ್ಚಿ ಹಿಡಿಯುವ ಉಕ್ಕಿನ ದುಂಡನೆಯ ಭಾಗ, ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ. ತಾನಾಗಿ ನಿಲ್ಲುವವರೆಗೆ ಕಾಯಬೇಕೆಂಬುದು ಮೊದಲ ದಿನದ ಪಾಠ. ಗಂಡೆದೆಯವರು ಕಾಯುತ್ತಿರಲಿಲ್ಲ, ಅಂಗೈ ಒತ್ತಿ ನಿಲ್ಲಿಸುತ್ತಿದ್ದರು. ವರ್ಷವಿಡೀ ಕೈಕಟ್ಟಿ ಕಾದ ಇವನಿಗೆ ಹುಡುಗರು 'ಅಜ್ಜ' ಎಂದು ಹೆಸರಿಟ್ಟಿದ್ದರು. ಸೋಮವಾರ ಅಜ್ಜನೂ ಅಂಗೈ ಒಡ್ಡಿದ. ಸರಳಿನ ತುದಿಯಲ್ಲಿ ಕಬ್ಬಿಣದ ಸುರುಳಿಯೊಂದು ಕತ್ತರಿಸದೆ ಉಳಿದಿದ್ದನ್ನು ನೋಡಿರಲಿಲ್ಲ. ಅದು ಅಂಗೈಯನ್ನು ಉದ್ದಕ್ಕೂ ಸೀಳಿತು. ಕಡ್ಡಿ ತನ್ನ ಅಂಗಿಯನ್ನೇ ಬಿಚ್ಚಿ ಗಾಯಕ್ಕೆ ಬಿಗಿದು ಆಸ್ಪತ್ರೆಗೆ ಕರೆದೊಯ್ದಿದ್ದ.

ಕಡ್ಡಿಯ ಹೆಸರು ಮೊದಲೇ ಕೆಟ್ಟಿತ್ತು. ಶಾಲೆಯ ಹಿಂಗೋಡೆಯ ಬಳಿ ಇವನಿಗೆ ಮೊದಲ ಸಿಗರೇಟು ಕೊಟ್ಟವನು ಅವನೇ. ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೊಮೀಟರ್ ಓದಲು ಬಾರದೆ ಮೊದಲ ತಿಂಗಳೇ ಗಂಟುಮೂಟೆ ಕಟ್ಟಿದ್ದ ಇವನನ್ನು ಹಿಡಿದು ಕೂರಿಸಿ, ಪಟ್ಟುಹಿಡಿದು ಕಲಿಸಿದವನೂ ಅವನೇ. ಎರಡನೆಯದನ್ನು ಈ ಕೋಣೆಯಲ್ಲಿ ಯಾರೂ ಕೇಳಲಿಲ್ಲ.

"ಅವನು ಕುಣಿ ಅಂದ್ರೆ ಕುಣೀತೀಯ," ಎಂದ ಅಪ್ಪ. "ನಿನಗೇ ಅಂತ ಒಂದು ತಲೆ ಇಲ್ವೇನೋ?"

"ಇದೆ. ಕೈನೂ ನಂದೇ ಅಪ್ಪ. ಯಾರೂ ಹಿಡ್ಕೊಂಡು ಎಳೀಲಿಲ್ಲ."

ಪ್ರಾಂಶುಪಾಲರು ಕನ್ನಡಕ ತೆಗೆದಿಟ್ಟರು. "ನೋಡಪ್ಪ, ನಿನ್ನ ಜಾಗದಲ್ಲಿ ಅವನಿದ್ದಿದ್ರೆ ಇಷ್ಟೊತ್ತಿಗೆ ನಾಲ್ಕು ಪುಟ ಬರ್ದಿರ್ತಿದ್ದ."

"ಇರ್ಬಹುದು ಸಾರ್. ಅವನು ಬರೆಯೋದನ್ನ ಅವನನ್ನೇ ಕೇಳಿ."

ಇವನು ಬಗ್ಗಿ ಬರೆದ: ಕೈ ಇಟ್ಟವನು ನಾನು, ಒತ್ತಾಯ ಮಾಡಿದವರು ಯಾರೂ ಇಲ್ಲ. ಸಹಿ ಹಾಕಿ ಕಾಗದವನ್ನು ಮೇಜಿನಾಚೆ ತಳ್ಳಿದ. ಪ್ರಾಂಶುಪಾಲರು ಓದಿ, ಹಾಗಾದರೆ ನಾಳೆಯಿಂದ ಬರಬೇಡ ಎಂದರು. ಅಪ್ಪ ಎದ್ದು, ಇವನಿಗಾಗಿ ಕಾಯದೆ ನಡೆದುಬಿಟ್ಟ.

ಗೇಟಿನ ಬಳಿ ಕಡ್ಡಿ ಉಗುರು ಕಚ್ಚುತ್ತ ನಿಂತಿದ್ದ.

"ಏನ್ ಬರ್ದೆ ಅಜ್ಜ?"

"ಇದ್ದಿದ್ದನ್ನೇ."

"ನನ್ನ ಹೆಸರು?"

"ನೀನೇನು ಅಷ್ಟು ದೊಡ್ಡ ಮನುಷ್ಯನೇನೋ?"

ಕಡ್ಡಿ ನಗಲು ಹೋದ, ಆಗಲಿಲ್ಲ. ತಾನೇ ಒಳಗೆ ಹೋಗಿ ಹೇಳುತ್ತೇನೆ ಎಂದು ಹೊರಟವನನ್ನು ಇವನು ಬಲಗೈಯಿಂದ ತಡೆದ. ಹೇಳಲು ಏನಿದೆ, ಅವತ್ತು ನೀನು ಬಾಯಿ ಬಿಟ್ಟಿದ್ದೆಯಾ ಎಂದು ಗದರಿದ. ಬಿಟ್ಟಿರಲಿಲ್ಲ, ನಿಜ. ಸೋಮವಾರ ಕಡ್ಡಿ ಸುಮ್ಮನೆ ನಿಂತು ನೋಡುತ್ತಿದ್ದ, ಅಷ್ಟೇ.

ಅವನು ನೋಡುತ್ತಿರದಿದ್ದರೆ ಕೈ ಒಡ್ಡುತ್ತಲೇ ಇರಲಿಲ್ಲ ಎಂಬುದನ್ನು ಮಾತ್ರ ಇವನು ಅಪ್ಪನಿಗಾಗಲಿ ಕಡ್ಡಿಗಾಗಲಿ ಯಾವತ್ತೂ ಹೇಳಲಿಲ್ಲ.