ಮದುಮಗಳು ಕೂತ ಗಾಡಿ

ನನ್ನ ಕಾಕಾ ಅಪ್ಪಾಸಾಹೇಬನನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಷ್ಟಾದರೂ ರಕ್ತಸಂಬಂಧ, ಕಡೆಗೆ ಇಬ್ಬರೂ ಒಂದಾಗಿರಬೇಕು ಎಂದು ಯಾರೂ ಆಸೆ ಇಟ್ಟುಕೊಂಡು ಓದುವುದು ಬೇಡ. ಒಂದಾಗಿಲ್ಲ. ಎದುರಿಗೆ ಸಿಕ್ಕರೆ ಹಿರಿಯನೆಂದು 'ರೀ' ಹಚ್ಚಿ ಮಾತಾಡುತ್ತೇನೆ, ಬೆನ್ನ ಹಿಂದೆ ಅದನ್ನೂ ಹಚ್ಚುವುದಿಲ್ಲ.

ಆದರೆ ನನಗೆ ಕಾರಿನ ಹುಚ್ಚು ಹಿಡಿಸಿದವನೂ ಅವನೇ. ಹೊಟ್ಟೆ ಉರಿಯುವುದು ಅದಕ್ಕೇ.

ನಮ್ಮೂರು ಸಂಖ. ನಾನು ಸಣ್ಣವಳಿದ್ದಾಗ ನನ್ನಪ್ಪ ಶ್ರೀಶೈಲಪ್ಪ ಮತ್ತು ಈ ಕಾಕಾ ಕೂಡಿ ಒಂದು ಹಳೆಯ ಜೀಪು ಇಟ್ಟಿದ್ದರು. ಸಂಖದಿಂದ ಜತ್ತಕ್ಕೆ ವಡಾಪ್ ಹೊಡೆಯುತ್ತಿದ್ದರು. ಒಳಗೆ ಹಿಡಿಯುವಷ್ಟು ಮಂದಿ, ಹಿಡಿಯದವರು ಹಿಂದೆ ಜೋತುಬಿದ್ದು, ಮೇಲೆ ಕೋಳಿಬುಟ್ಟಿ, ಅದೇ ವಡಾಪ್. ಓಣಿಯ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ನಾನು ಆ ಜೀಪಿನ ಕೆಳಗೆ ಅಂಗಾತ ಮಲಗಿರುತ್ತಿದ್ದೆ. ಅವ್ವ ನನ್ನ ಕಾಲು ಹಿಡಿದು ಹೊರಗೆಳೆದು, ಲಂಗಕ್ಕೆ ಹತ್ತಿದ ಗ್ರೀಸು ನೋಡಿ ಬೆನ್ನಿಗೆ ಗುದ್ದುತ್ತಿದ್ದಳು. ಕಾಕಾ ನಗುತ್ತಿದ್ದ. ಆಗ ಅವನ ನಗು ನನಗೆ ಇಷ್ಟವಾಗುತ್ತಿತ್ತು.

ಸಂಜೆ ಸ್ಟ್ಯಾಂಡಿನ ಕಟ್ಟೆಯ ಮೇಲೆ ನನ್ನನ್ನು ಕೂಡಿಸಿಕೊಂಡು ಒಂದು ಆಟ ಆಡಿಸುತ್ತಿದ್ದ. ತಾಡಪತ್ರಿ ಇಳಿಬಿಟ್ಟ ಬೇರೆಯವರ ಜೀಪು ಬಂದು ನಿಲ್ಲುವ ಮೊದಲೇ, "ಹೇಳ ದೀಪಿ, ಎಷ್ಟು ಮಂದಿ?" ಎಂದು ಕೇಳುತ್ತಿದ್ದ.

ಮೊದಮೊದಲು ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಒಂದು ದಿನ ನನ್ನ ಗದ್ದ ಹಿಡಿದು ಮುಖವನ್ನು ಜೀಪಿನ ಹಿಂದಿನ ಗಾಲಿಯ ಕಡೆಗೆ ತಿರುಗಿಸಿದ. "ಮಂದಿ ಮಾರಿ ನೋಡಬ್ಯಾಡ, ಮಂದಿ ಸುಳ್ಳ ಹೇಳತಾರ. ಗಾಲಿ ಮ್ಯಾಲ ಎಷ್ಟು ಬಯಲ ಐತಿ ನೋಡು. ಭಾರ ಬಿದ್ದಂಗ ಗಾಡಿ ಕೆಳಗ ಕುಂದರತೈತಿ. ಗಾಡಿ ಎಂದೂ ಸುಳ್ಳ ಹೇಳಂಗಿಲ್ಲ."

ಆಮೇಲೆ ನಾನು ತಪ್ಪಿದ್ದು ಕಡಿಮೆ. ಸರಿ ಹೇಳಿದಾಗ ಪೆಪ್ಪರಮಿಂಟು ಕೊಡುತ್ತಿದ್ದ. ಕಟ್ಟೆಯ ಮೇಲಿನವರ ಮುಂದೆ, "ನಮ್ಮಣ್ಣನ ಮಗಳು ನೋಡ್ರಿ, ದೊಡ್ಡಾಕಿ ಆದಮ್ಯಾಲ ನಾಕ ಗಾಡಿ ಇಡತಾಳ" ಎಂದು ಹೆಮ್ಮೆಯಿಂದ ಹೇಳುತ್ತಿದ್ದ. ನಾನು ಅದನ್ನು ನಂಬಿದೆ. ಮಕ್ಕಳ ಮುಂದೆ ಮಾತಾಡುವಾಗ ಮಂದಿ ಎಚ್ಚರ ಇರಬೇಕು.

ಅಣ್ಣತಮ್ಮಂದಿರು ಬೇರೆಯಾದಾಗ ಅಪ್ಪ ಹೊಲ ಇಟ್ಟುಕೊಂಡ, ಕಾಕಾ ಜೀಪು ತೆಗೆದುಕೊಂಡು ಜತ್ತಕ್ಕೆ ಹೋದ. ಅದನ್ನು ಮಾರಿ, ಮದುವೆಗೆ ಬಾಡಿಗೆ ಕೊಡುವ ಕಾರುಗಳನ್ನು ಇಟ್ಟ. ನಾನು ಕಾಲೇಜಿಗೆಂದು ಜತ್ತಕ್ಕೆ ಬಂದು ಅವನ ಮನೆಯಲ್ಲೇ ಉಳಿದೆ. ಕಾಲೇಜು ನೆಪ. ಬೆಳಿಗ್ಗೆ ಎದ್ದು ಕಾರು ತೊಳೆಯುವುದು, ಬಾನೆಟ್ಟಿಗೆ ಝೆಂಡು ಹೂವಿನ ಮಾಲೆ ಕಟ್ಟುವುದು, ಹಿಂದಿನ ಕಿಟಕಿಗಳಿಗೂ ಡ್ರೈವರನ ಬೆನ್ನ ಹಿಂದೆಯೂ ಪರದೆ ಇಸ್ತ್ರಿ ಮಾಡಿ ಹಾಕುವುದು, ಇದೇ ನನ್ನ ಓದು. ಲೈಸೆನ್ಸೂ ಆಯಿತು. ಆದರೆ ಗಾಡಿ ಖಾಲಿ ಇದ್ದಾಗ ಮಾತ್ರ ಸ್ಟೇರಿಂಗು ನನ್ನ ಕೈಗೆ, ಮದುಮಗಳು ಹತ್ತುವ ಹೊತ್ತಿಗೆ, "ಇಳಿ ಕೆಳಗ."

ನಮ್ಮ ಕಡೆ ಮದುವೆ ಗಾಡಿಯವರಿಗೆ ಒಂದು ಕಟ್ಟುಪಾಡು ಇದೆ. ಮದುಮಗಳು ಕೂತ ಗಾಡಿ ಹಿಂದಕ್ಕೆ ಸರಿಯಬಾರದು. ಸರಿದರೆ ಆಕೆ ಗಂಡನ ಮನೆ ಬಿಟ್ಟು ತವರಿಗೆ ತಿರುಗಿ ಬರುತ್ತಾಳೆ ಎಂದು ನಂಬಿಕೆ. ಅದಕ್ಕೆ ಡ್ರೈವರುಗಳು ಮೊದಲೇ ಗಾಡಿಯನ್ನು ಹೋಗುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಎದುರಿಗೆ ಲಾರಿ ಬಂದರೂ ಲಾರಿಯೇ ಹಿಂದೆ ಸರಿಯುತ್ತದೆ. "ನನ್ನ ಗಾಡಿ ಮದುಮಗಳನ್ನ ಕೂಡಿಸ್ಕೊಂಡು ಒಂದ ಗೇಣ ಹಿಂದ ಸರದಿಲ್ಲ" ಎಂದು ಕಾಕಾ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಒಂದು ಮದುವೆಗೆ ಡ್ರೈವರು ಕೈಕೊಟ್ಟ. ನಾನು ಹೋಗುತ್ತೇನೆ ಎಂದೆ. ಸ್ಟ್ಯಾಂಡಿನಲ್ಲಿ ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದರು. ಕಾಕಾ ಬಟ್ಟಲು ಕೆಳಗಿಟ್ಟು ಹೇಳಿದ, "ನೀ ಗಾಡಿ ತೊಳ್ಯಾಕ ಹುಟ್ಟಿದಾಕಿ. ತೊಳಕೋತ ಇರು."

ಎಲ್ಲರೂ ನಕ್ಕರು. ನಾನು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅವನ ಕಾಲ ಬಳಿ ಎಸೆದು ಹೊರಟುಬಂದೆ. ವರ್ಷ ತುಂಬುವುದರೊಳಗೆ ನನ್ನ ಹೆಸರಿನಲ್ಲೊಂದು ಹಳೆಯ ಬಿಳಿ ಕಾರು ಬಂತು. ಹಳದಿ ನಂಬರ್ ಪ್ಲೇಟು ಹಾಕಿಸಿದೆ. ಹಿಂದಿನ ಗಾಜಿನ ಮೇಲೆ 'ಮನಿಮಗಳು' ಎಂದು ಬರೆಸಿದೆ.

ಕಾಕಾ ನೋಡಿದ, ನಕ್ಕ. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು" ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಕಲ್ಯಾಣ ಮಂಟಪದವರಿಗೆ, ಹೂವಿನವರಿಗೆ, ಪೆಂಡಾಲಿನವರಿಗೆ ಮನೆಮನೆಗೆ ಹೋಗಿ ಹೇಳಿದ, ಆಕೆಯ ಗಾಡಿಯಲ್ಲಿ ಕೂತ ಮದುಮಗಳು ವರ್ಷ ತುಂಬುವುದರೊಳಗೆ ತವರಿಗೆ ಬರುತ್ತಾಳೆ, ಆ ಹುಡುಗಿಗೆ ಗಾಡಿ ನೆಟ್ಟಗೆ ಮುಂದೆ ಒಯ್ಯಲಿಕ್ಕೇ ಬರುವುದಿಲ್ಲ ಎಂದು. ಇಂಥ ಮಾತು ಒಂದು ಸಲ ಹುಟ್ಟಿದರೆ ಸಾಕು, ಹೆಣ್ಣು ಹೆತ್ತವರು ಯಾರೂ ಪರೀಕ್ಷೆ ಮಾಡಿ ನೋಡಲಿಕ್ಕೆ ಹೋಗುವುದಿಲ್ಲ. ಆ ಹಂಗಾಮು ಪೂರ್ತಿ ನನ್ನ ಕಾರು ಮನೆ ಮುಂದೆ ನಿಂತಿತ್ತು. ನಾನು ದಿನಾ ಅದನ್ನು ತೊಳೆದೆ. ತೊಳೆಯುವಾಗ ಕಾಕಾನ ಮಾತು ನೆನಪಾಗಿ ಅಳು ಬರುತ್ತಿತ್ತು.

ಕಡೆಗೆ ಮುಚ್ಚಂಡಿಯ ಚನ್ನವ್ವ ಬಂದಳು. ಅವಳ ಮಗಳು ಸೋನಾಲಿಯ ಮದುವೆ. ಗಂಡು ನಮ್ಮ ಸಂಖದವನೇ. ಕಾಕಾನ ಗಾಡಿಗೆ ಆಗಲೇ ಹೇಳಿದ್ದರಂತೆ, ಮಗಳು ಹಟ ಹಿಡಿದು ಬಿಡಿಸಿದ್ದಳು.

"ಅಳಕೋತ ಹೊಂಟಿರ್ತೀನಿ, ಮುಂದ ಯಾವನರ ಒಬ್ಬ ಗಂಡಸು ಕನ್ನಡ್ಯಾಗ ನೋಡಕೋತ ಕುಂತಿರಬಾರದು ಅಂತಾಳವಾ" ಎಂದಳು ಚನ್ನವ್ವ. "ನನಗೂ ಖರೇ ಅನಸ್ತು. ಆದ್ರ ದೀಪಾಲಿ, ನಿಮ್ಮ ಕಾಕಾ ಅಂದದ್ದು ಕೇಳಿ ಎದ್ಯಾಗ ಒಂದೀಟು ಪುಕಪುಕಿ ಐತಿ. ಗಾಡಿ ಹಿಂದ ಸರಸಬ್ಯಾಡವಾ."

"ಸರಸಂಗಿಲ್ಲ, ಅತ್ತಿ" ಎಂದು ಮಾತು ಕೊಟ್ಟೆ.

ಆ ಮಾತು ಮುರಿದರೆ 'ಮನಿಮಗಳು' ಅಲ್ಲಿಗೆ ಮುಗಿಯಿತು ಎಂದು ನನಗೂ ಗೊತ್ತಿತ್ತು, ಕಾಕಾನಿಗೂ ಗೊತ್ತಿತ್ತು.

ಮದುವೆ ಮುಗಿದು ಹೊರಟಾಗ ಹೊತ್ತು ಇನ್ನೂ ಮೇಲಿತ್ತು. ಹಿಂದಿನ ಸೀಟಿನಲ್ಲಿ ಸೋನಾಲಿ ಮತ್ತು ಗಂಡ ವಿಜಯಕುಮಾರ. ಮುಂದೆ ನನ್ನ ಪಕ್ಕದಲ್ಲಿ ಗಂಡಿನ ಅಜ್ಜಿ ಹಾಲವ್ವ, ತೊಡೆಯ ಮೇಲೆ ಕುಂಕುಮದ ಭರಣಿ. ಬೆನ್ನಿಗೆ, ಬೀಗರು ತುಂಬಿದ, ನಮ್ಮ ಸ್ಟ್ಯಾಂಡಿನ ರಮಜಾನ ಚಾಚಾನ ಟೆಂಪೋ. ಸೋನಾಲಿ ಮನಸಾರೆ ಅಳುತ್ತಿದ್ದಳು. ನಾನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದ್ದೆ. ಹಾಲವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಹೆಣ್ಣಮಗಳು ನಡಸೂ ಗಾಡಿ ಬ್ಯಾಡಂದಿದ್ದೆ" ಎಂದಳು, ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಕೇಳುವ ಹಾಗೆ. "ನನ್ನ ಮಾತ ಯಾರ ಕೇಳತಾರ."

ಚನ್ನವ್ವನ ವಸ್ತಿಯಿಂದ, ಅಂದರೆ ಹೊಲದೊಳಗಿನ ಮನೆಯಿಂದ, ಡಾಂಬರು ರಸ್ತೆ ಮುಟ್ಟುವವರೆಗೆ ಒಂದೇ ಗಾಡಿಯ ದಾರಿ. ಎರಡೂ ಕಡೆ ದಾಳಿಂಬೆ ತೋಟದ ಮುಳ್ಳುತಂತಿ. ಅರ್ಧ ದಾರಿ ಬಂದಿರಬೇಕು, ಎದುರಿಗೆ ಹೂವು ಕಟ್ಟಿದ ಕಪ್ಪು ಕಾರೊಂದು ಬಂದು ಬಾನೆಟ್ಟಿಗೆ ಬಾನೆಟ್ಟು ತಾಗುವ ಹಾಗೆ ನಿಂತಿತು. ಸ್ಟೇರಿಂಗಿನ ಹಿಂದೆ ನನ್ನ ಕಾಕಾ, ಎಲೆಯಡಿಕೆ ಜಗಿಯುತ್ತ.

ಹಾರ್ನ್ ಹೊಡೆದೆ. ಅವನೂ ಹೊಡೆದ.

ಕೆಳಗಿಳಿದು ಹೋದೆ. "ಕಾಕಾ, ಗಾಡಿ ಹಿಂದ ತಗೀರಿ. ಮದುಮಗಳು ಅದಾಳ."

"ನನ್ನ ಗಾಡ್ಯಾಗೂ ಅದಾಳ." ಅವನು ಬೆನ್ನ ಹಿಂದೆ ಇಳಿಬಿಟ್ಟ ಪರದೆಯ ಕಡೆಗೆ ಗೋಣು ಹಾಕಿದ. "ಮದುಮಗಳು, ಮದುಮಗ, ಅವನ ಅಕ್ಕ, ಅಜ್ಜಿ. ಆಚೀ ವಸ್ತಿಗಿ ಹೊಂಟಾರ. ನಾ ಹೆಂಗ ತಗೀಲಿ? ನೀನ ತಗಿ. ನಿಂದೇನ, ಮೊದಲನೇ ಬಾಡಗಿ. ನಂದು ಹೆಸರ ಐತಿ."

ಎರಡೂ ಕಡೆಯಿಂದ ಮಂದಿ ಕೂಡಿದರು. ತೋಟದಲ್ಲಿ ಕೆಲಸ ಮಾಡುತ್ತಿದ್ದವರೂ ತಂತಿಯ ಹತ್ತಿರ ಬಂದು ನಿಂತರು. ಟೆಂಪೋದಿಂದ ರಮಜಾನ ಚಾಚಾ ತಲೆ ಹೊರಗೆ ಹಾಕಿ, "ದೀಪಾಲಿ, ನಾ ಹಿಂದ ಸರೀಲೇನವಾ?" ಎಂದು ಕೂಗಿದ. ಬೀಗರಲ್ಲಿ ಒಬ್ಬರು ಮದುಮಗಳನ್ನು ಇಳಿಸಿ ಗಾಡಿ ಹಿಂದೆ ತೆಗೆದರಾಯಿತು ಎಂದರು. ಹಾಲವ್ವ ಕಿಟಕಿಯಿಂದಲೇ ಹರಿಹಾಯ್ದಳು.

"ತವರ ಹೊಸ್ತಿಲ ದಾಟಿದ ಸೊಸಿ ನಮ್ಮ ಹೊಸ್ತಿಲದಾಗ ಕಾಲಿಡಬೇಕು. ನಡು ಹಾದ್ಯಾಗ ಇಳಸ್ತೀರೇನು? ಯಾರ ಸತ್ತಾರಂತ ಇಳಸ್ತೀರಿ?"

ಸೋನಾಲಿಯ ಅಳು ನಿಂತಿತ್ತು. ಹೆದರಿಕೆಗೆ ನಿಂತ ಅಳು ಅದು. ನನಗೆ ಹೆದರಿಕೆಗಿಂತ ಸಿಟ್ಟು. ಆ ಮನುಷ್ಯನ ಕುತ್ತಿಗೆ ಪಟ್ಟಿ ಹಿಡಿದು ಹೊರಗೆಳೆಯಬೇಕೆನ್ನಿಸಿತು. ಎಳೆಯಲಾಗದ್ದಕ್ಕೆ ತಲೆ ಕೆಳಗೆ ಹಾಕಿದೆ. ತಲೆ ಕೆಳಗೆ ಹಾಕಿದ್ದಕ್ಕೆ ಅವನ ಗಾಡಿಯ ಹಿಂದಿನ ಗಾಲಿ ಕಂಡಿತು.

ಗಾಲಿಯ ಮೇಲೆ ಅಂಗೈ ಅಡ್ಡ ಹೋಗುವಷ್ಟು ಬಯಲು.

ಈ ಕಪ್ಪು ಗಾಡಿಯನ್ನು ಎಷ್ಟು ಸಲ ತೊಳೆದಿದ್ದೇನೆ ನಾನು. ಒಬ್ಬ ಹಿಂದೆ ಕೂತರೆ ಎಷ್ಟು ಇಳಿಯುತ್ತದೆ, ಇಬ್ಬರು ಕೂತರೆ ಎಷ್ಟು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನಾಲ್ವರು ಕೂತರೆ ಗಾಲಿ ಮೇಲಿನ ತಗಡಿನೊಳಗೆ ಅರ್ಧ ಮುಳುಗುತ್ತದೆ. ಇದು ತೊಳೆದು ನಿಲ್ಲಿಸಿದ ಗಾಡಿಯ ಹಾಗೆ ಎತ್ತರಕ್ಕೆ ನಿಂತಿತ್ತು. ಬಾನೆಟ್ಟಿನ ಝೆಂಡು ಹೂವು ಬಾಡಿ ಜೋತುಬಿದ್ದಿತ್ತು. ಅದು ಬೆಳಗಿನ ಮದುವೆಯ ಹೂವು. ಮದುಮಗಳನ್ನು ಆಗಲೇ ಇಳಿಸಿ, ನನ್ನನ್ನು ಹಿಂದೆ ಸರಿಸಲಿಕ್ಕೆಂದೇ ಇಲ್ಲಿಯವರೆಗೆ ಬಂದಿದ್ದ.

"ಎಷ್ಟು ಮಂದಿ ಅಂದ್ರಿ, ಕಾಕಾ?" ಎಂದೆ, ಎಲ್ಲರಿಗೂ ಕೇಳುವ ಹಾಗೆ.

"ನಾಕು. ಕಿವಿ ಕೇಳಂಗಿಲ್ಲೇನು?"

ಬಾಗಿಲು ತೆರೆಯಿರಿ ಎಂದಿದ್ದರೆ ಅವನು ತೆರೆಯುತ್ತಿರಲಿಲ್ಲ. ಮದುಮಗಳ ಮುಖ ರಸ್ತೆಯಲ್ಲಿ ತೋರಿಸುತ್ತಾರೇನು ಎಂದು ನನ್ನ ಮೇಲೇ ಮಂದಿಯನ್ನು ಎಬ್ಬಿಸುತ್ತಿದ್ದ. ನಾನು ಹಾಲವ್ವನ ಬಳಿಗೆ ಬಂದು ಕಿಟಕಿಗೆ ಬಗ್ಗಿದೆ.

"ಅಜ್ಜೀ, ಇಬ್ಬರು ಮದುಮಕ್ಕಳು ಹಾದ್ಯಾಗ ಕೂಡ್ಯಾರ. ಕುಂಕುಮ ಹಚ್ಚಲಾರದ ಹ್ವಾದ್ರ ಚಲೋ ಅಲ್ಲ. ನೀವು ಹಿರೇರು. ಹೋಗಿ ಆ ಹುಡುಗಿಗಿ ಕುಂಕುಮ ಹಚ್ಚಿ ಬರ್ರಿ."

ಹಾಲವ್ವನಿಗೆ ನನ್ನ ಮೇಲೆ ನಂಬಿಕೆ ಇಲ್ಲದಿದ್ದರೂ ಕುಂಕುಮದ ಮೇಲಿತ್ತು. ಭರಣಿ ಹಿಡಿದು ಇಳಿದಳು. ಕಾಕಾ ಗಾಡಿಯಿಂದ ಹಾರಿ ಇಳಿದ. "ಬ್ಯಾಡ್ರಿ ಅವ್ವಾರ, ಆಕಿಗಿ ಆರಾಮಿಲ್ಲ, ಮಲಗ್ಯಾಳ."

"ಮಲಗಲಿ. ಹಣಿ ಏನ ಮಲಗಂಗಿಲ್ಲ" ಎನ್ನುತ್ತ ಹಾಲವ್ವ ಅವನನ್ನು ಮೊಣಕೈಯಿಂದ ಸರಿಸಿ ಬಾಗಿಲು ಜಗ್ಗಿದಳು. ಕುಂಕುಮ ತರುವ ಮುತ್ತೈದೆಯ ಕೈ ಹಿಡಿಯುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಒಳಗೆ ಖಾಲಿ ಸೀಟು. ಅದರ ಮೇಲೆ ಒಣಗಿದ ಒಂದು ಬಾಸಿಂಗದ ಚೂರು, ಒಂದಿಷ್ಟು ಅಕ್ಷತೆ.

ಹಾಲವ್ವ ಕುಂಕುಮದ ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತಳು. ಆಮೇಲೆ ಶುರುವಾದಳು. "ಎಲ್ಲದಾಳೋ ಮದುಮಗಳು? ನುಂಗಿದಿ ಏನು? ನಮ್ಮ ಸೊಸೀನ ತವರಿಗಿ ಹೊಡ್ಯಾಕ ಬಂದಿದ್ಯಾ, ಹಾಟ್ಯಾ? ನಿನ್ನ ಬಾಯಾಗ ಮಣ್ಣ ಹಾಕಲಿ!"

ಅಷ್ಟರಲ್ಲಿ ಕಾಕಾ ನನ್ನ ಕಡೆ ನೋಡಿದ. ಮಂದಿಯ ಕಡೆ ನೋಡಲಿಲ್ಲ, ನನ್ನ ಕಡೆ. ಆಮೇಲೆ ತನ್ನ ಹಿಂದಿನ ಗಾಲಿಯ ಕಡೆ ನೋಡಿದ. ನನಗೆ ಹೇಗೆ ಗೊತ್ತಾಯಿತೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗುರುವಿಗೇ ತಿರುಮಂತ್ರ. ನನಗೆ ಖುಷಿಯಾಯಿತು. ಕೆಟ್ಟ ಖುಷಿ ಎನ್ನಿ, ಇರಲಿ, ಹೊಟ್ಟೆ ತುಂಬ ಆಯಿತು.

ಹಾಲವ್ವ ತಿರುಗಿ ಬಂದು, "ತಗದ ಕುಂಕುಮ ಸುಮ್ಮ ಹೋಗಬಾರದು" ಎನ್ನುತ್ತ ಅದನ್ನು ನನ್ನ ಹಣೆಗೆ ಒತ್ತಿದಳು. ಮೆತ್ತಗೇನಲ್ಲ, ಗುದ್ದಿದ ಹಾಗೆ. "ನಡಿ, ಗಾಡಿ ಹೊಡಿ. ನನ್ನ ಎರಡನೇ ಮೊಮ್ಮಗಳ ಲಗ್ನ ಯುಗಾದಿ ಮುಂದ ಐತಿ, ನೀನ ಬರಬೇಕು."

ಕಾಕಾ ಹಿಂದೆ ಸರಿದ. ಡಾಂಬರು ರಸ್ತೆಯವರೆಗೆ ಪೂರ್ತಿ ಹಿಂದೆ ಸರಿದ. ನಾನು ಬಾನೆಟ್ಟಿಗೆ ಬಾನೆಟ್ಟು ಹಚ್ಚಿದ ಹಾಗೆ ಅವನನ್ನು ಹಿಂದಕ್ಕೆ ಒತ್ತುತ್ತ ಹೋದೆ. ತೋಟದವರು ಸಿಳ್ಳೆ ಹಾಕಿದರು. ಒಂದು ಕಡೆ ಮುಳ್ಳುತಂತಿ ಅವನ ಗಾಡಿಯ ಬಣ್ಣ ಕೆರೆದ ಸಪ್ಪಳ ಬಂತು. ಆ ಬಣ್ಣವನ್ನು ವರ್ಷಗಟ್ಟಲೆ ಒರೆಸಿದವಳು ನಾನು. ಕರುಳು ಚುರ್ ಎಂದದ್ದು ಆ ಗಾಡಿಗಾಗಿ, ಅವನಿಗಾಗಿ ಅಲ್ಲ.

ರಸ್ತೆ ಮುಟ್ಟಿದ ಮೇಲೆ ಅವನು ಕೆಳಗಿಳಿದು ಬದಿಗೆ ನಿಂತಿದ್ದ. ನಾನು ದಾಟಿದೆ. ಬಾಗಿಲ ಕನ್ನಡಿಯಲ್ಲಿ ನೋಡಿದರೆ, ಮುದುಕ ಸೊಂಟ ಬಗ್ಗಿಸಿ ನನ್ನ ಗಾಡಿಯ ಹಿಂದಿನ ಗಾಲಿಯನ್ನೇ ನೋಡುತ್ತಿದ್ದ. ಹಿಂದೆ ಸೋನಾಲಿ ಮತ್ತೆ ಅಳಲು ಶುರು ಮಾಡಿದಳು, ಈ ಸಲ ಆರಾಮಾಗಿ.

ಮರುದಿನ ರಮಜಾನ ಚಾಚಾ ಸ್ಟ್ಯಾಂಡಿನಿಂದ ಒಂದು ಮಾತು ಹೊತ್ತು ತಂದ. "ನಿಮ್ಮ ಕಾಕಾ ಹೇಳ್ಯಾನವಾ. 'ಆಕಿ ಗಾಡ್ಯಾಗ ಹಿಂದ ಇಬ್ಬರ ಕುಂತಿದ್ರು, ಆದ್ರ ನಾಕ ಮಂದಿ ಕುಂತಂಗ ಇಳದಿತ್ತು. ಸ್ಪ್ರಿಂಗ್ ಸೋತಾವ. ಲಗೂನ ಬದಲಿ ಮಾಡಸ್ಲಿಕ್ಕಿ ಹೇಳು, ಇಲ್ಲಂದ್ರ ಯಾವದರ ಮದುಮಗಳನ್ನ ಗಟಾರದಾಗ ಕೆಡವತಾಳ' ಅಂದಾನ."

ಚಾಚಾ ಹೋದ ಮೇಲೆ ಗಾಡಿಯ ಕೆಳಗೆ ಅಂಗಾತ ಮಲಗಿ ನೋಡಿದೆ. ಸೋತಿದ್ದವು. ಹಂಗಾಮು ಪೂರ್ತಿ ದಿನಾ ತೊಳೆದವಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಹೊಸ ಸ್ಪ್ರಿಂಗು ಹಾಕಿಸಿದೆ. ಅವನಿಗೆ ಹೇಳಿ ಕಳಿಸಲಿಲ್ಲ.