ಫ್ಯಾನಿನ ಸದ್ದು

ಗಜೇಂದ್ರಗಡದ ಕೇಬಲ್ ಚಾನೆಲ್ಲಿನಲ್ಲಿ ಧ್ವನಿಯ ಕೆಲಸ ಇಷ್ರತಳದು. ಎಲ್ಲ ಕಾರ್ಯಕ್ರಮದ ಆವಾಜೂ ಒಂದೇ ಮಟ್ಟದಲ್ಲಿರಲೆಂದು ಮಾಲೀಕ ರಾಘಣ್ಣ ೨೦೦೭ರಲ್ಲಿ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿದ. ಅಂದಿನಿಂದ ಅವಳಿಗೆ ನೆಮ್ಮದಿಯಿಲ್ಲ.

ನಿವೃತ್ತ ಶಿಕ್ಷಕಿ ಲೀಲಾಬಾಯಿ ದಿನಾ ಸಂಜೆ ಚಾನೆಲ್ಲಿನ ನೇರ ಪ್ರಸಾರದಲ್ಲಿ ಕಥೆ ಓದುತ್ತಿದ್ದರು. ಅವರು ನಡುವೆ ನಿಂತ ಕೂಡಲೇ ಸಾಫ್ಟ್‌ವೇರ್ ಆ ಮೌನದೊಳಗಿನ ಸಣ್ಣ ಸದ್ದನ್ನೂ ಮಾತಿನ ಮಟ್ಟಕ್ಕೆ ಏರಿಸಿಬಿಡುತ್ತಿತ್ತು. ಕಂಪ್ಯೂಟರಿಗೆ ಗಾಳಿ ಬೀಸಲು ಇಟ್ಟ ಟೇಬಲ್ ಫ್ಯಾನು ಹಿಟ್ಟಿನ ಗಿರಣಿಯಂತೆ ಕೇಳುತ್ತಿತ್ತು. ಸಣ್ಣ ಸದ್ದು ತಡೆಯುವ ಸೆಟ್ಟಿಂಗ್ ಹಾಕಿದರೆ ಅವರ ಮಾತಿನ ಕೊನೆಯ ಅಕ್ಷರಗಳೇ ಮಾಯ. ಫ್ಯಾನು ಆರಿಸಿದರೆ ಕಂಪ್ಯೂಟರ್ ಕಾದು ನಿಲ್ಲುತ್ತಿತ್ತು.

ಐದನೆಯ ದಿನ ಇಷ್ರತ ಸೋತು ಕೇಳಿದಳು: "ಅಕ್ಕೋರ, ನಡುವ ನಿಲ್ಲದಂಗ ಓದ್ತೀರೇನ್ರಿ?"

"ಉಸರ ತಗೋಬ್ಯಾಡ ಅಂತೀಯೇನ ತಂಗಿ? ಕೇಳೋರಿಗೂ ಚೂರು ಹೊತ್ತ ಬೇಕಾಗ್ತದ," ಎಂದರು ಲೀಲಾಬಾಯಿ.

ಇಷ್ರತ ಸಾಫ್ಟ್‌ವೇರನ್ನೇ ಬಂದ್ ಮಾಡಿದಳು. ಓದು ಶುರುವಾಗುತ್ತಲೇ ರಾಘಣ್ಣನ ಫೋನು ಬಂತು.

"ಆವಾಜ ಭಾಳ ಸಣ್ಣ ಬರಾಕತ್ತೈತಿ. ಸಾಫ್ಟ್‌ವೇರ್ ಬಂದ್ ಮಾಡೀಯೇನ?"

"ಹೌದ್ರಿ. ನಿಮ್ಮ ಟಿವಿ ಆವಾಜ ಒಂಚೂರ ಏರಸ್ರಿ."

ಅವನು ಬಯ್ಯತೊಡಗಿದ. ಇಷ್ರತ ರಿಸೀವರನ್ನು ಮೇಜಿನ ಮೇಲಿಟ್ಟು, ಆ ವಾರ ಮೊದಲ ಸಲ ಕಥೆಯನ್ನು ಪೂರ್ತಿ ಕೇಳಿದಳು. ಟಿವಿಯ ಆವಾಜು ಏರಿಸಿ ತಾನೂ ಕಥೆ ಕೇಳಿದ್ದ ರಾಘಣ್ಣ ಮರುದಿನ, ಸಾಫ್ಟ್‌ವೇರ್ ಹಾಡುಗಳಿಗಷ್ಟೇ ಇರಲೆಂದು ಗೊಣಗುತ್ತಲೇ ಒಪ್ಪಿದ.